ವಿದೇಶದಲ್ಲಿ ಒಂದು ಸೆಮಿಸ್ಟರ್: ದೇಶಕ್ಕಿಂತ ಮೊದಲು ನೋಡಬೇಕಾದ ಸಂಗತಿಗಳು

ಬೆಂಗಳೂರಿನ ಕಾಲೇಜುಗಳಲ್ಲಿ ವಿನಿಮಯ ಕಾರ್ಯಕ್ರಮಕ್ಕೆ ಅರ್ಜಿ ಕರೆದ ಕೂಡಲೇ ಕಿರಿಯ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ, ಜರ್ಮನಿ ಒಳ್ಳೆಯದೋ ಸಿಂಗಪುರ ಒಳ್ಳೆಯದೋ ಎಂಬುದು. ಜರ್ಮನಿಯಲ್ಲಿ ಒಂದು ಚಳಿಗಾಲದ ಸೆಮಿಸ್ಟರ್ ಓದಿ ಬಂದ ಮೇಲೆ, ಅದೇ ವರ್ಷ ಸಿಂಗಪುರ, ಫ್ರಾನ್ಸ್ ಮತ್ತು ಜಪಾನಿಗೆ ಹೋಗಿದ್ದ ಸಹಪಾಠಿಗಳ ಅನುಭವವನ್ನೂ ಕೇಳಿ ತಿಳಿದ ಮೇಲೆ, ಈ ಪ್ರಶ್ನೆಗೆ ಮೂರನೆಯ ಸ್ಥಾನ ಕೊಡಬೇಕೆಂಬ ಅಭಿಪ್ರಾಯಕ್ಕೆ ನಾನು ಬಂದಿದ್ದೇನೆ. ಅಲ್ಲಿನ ಸೆಮಿಸ್ಟರಿನ ಅವಧಿ ಇಲ್ಲಿನ ವೇಳಾಪಟ್ಟಿಗೆ ಹೊಂದುತ್ತದೆಯೇ ಎಂಬುದು ಮೊದಲನೆಯ ಪ್ರಶ್ನೆ; ಅಲ್ಲಿ ಗಳಿಸಿದ ಕ್ರೆಡಿಟ್ ಇಲ್ಲಿನ ಅಂಕಪಟ್ಟಿಯಲ್ಲಿ ಯಾವ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ಎರಡನೆಯದು. ಈ ಎರಡಕ್ಕೂ ಖಚಿತ ಉತ್ತರ ದೊರೆತರೆ ದೇಶದ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ.

ಇಲ್ಲಿ ಬರೆದಿರುವುದು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಅಥವಾ ವಿಜ್ಞಾನ ಪದವಿ ಓದುತ್ತಾ ನಡುವೆ ಒಂದು ಸೆಮಿಸ್ಟರನ್ನು ಮಾತ್ರ ಹೊರಗೆ ಕಳೆಯಬಯಸುವವರಿಗಾಗಿ. ಇಡೀ ಸ್ನಾತಕೋತ್ತರ ಪದವಿಗೆ ಹೋಗುವವರ ಲೆಕ್ಕಾಚಾರ ಬೇರೆ. ಅವರಿಗೆ ಹಿಂದಿರುಗಿ ಸೇರಬೇಕಾದ ತರಗತಿ ಇರುವುದಿಲ್ಲ, ಆದ್ದರಿಂದ ಇಲ್ಲಿನ ಬಹುಪಾಲು ತೊಡಕುಗಳು ಅವರಿಗೆ ಎದುರಾಗುವುದೇ ಇಲ್ಲ.

ವಿನಿಮಯವೋ, ಸ್ವಂತ ಖರ್ಚಿನ ಪ್ರವೇಶವೋ

ಎರಡು ಸಂಸ್ಥೆಗಳ ನಡುವೆ ಒಡಂಬಡಿಕೆ ಇದ್ದು ಅದರ ಅಡಿಯಲ್ಲಿ ಹೋಗುವ ವಿದ್ಯಾರ್ಥಿ ಸಾಮಾನ್ಯವಾಗಿ ತನ್ನ ಕಾಲೇಜಿನ ಶುಲ್ಕವನ್ನು ಇಲ್ಲಿಯೇ ಕಟ್ಟುತ್ತಾನೆ, ಅಲ್ಲಿ ಬೋಧನಾ ಶುಲ್ಕ ಇರುವುದಿಲ್ಲ. ಒಡಂಬಡಿಕೆ ಇಲ್ಲದೆ ನೇರವಾಗಿ ಅರ್ಜಿ ಹಾಕಿ ಹೋಗುವವರು ಅಲ್ಲಿನ ಶುಲ್ಕವನ್ನು ತೆರಬೇಕಾಗುತ್ತದೆ, ಮತ್ತು ಈ ಎರಡು ದಾರಿಗಳ ನಡುವಿನ ಅಂತರ ಅಮೆರಿಕ ಹಾಗೂ ಆಸ್ಟ್ರೇಲಿಯಾದಲ್ಲಿ ಹಲವು ಲಕ್ಷ ರೂಪಾಯಿಗಳಷ್ಟಾಗುತ್ತದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಈ ಅಂತರ ಕಡಿಮೆ, ಏಕೆಂದರೆ ಬಹುತೇಕ ರಾಜ್ಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರ ಚಳಿಗಾಲದ ಸೆಮಿಸ್ಟರಿನಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ವಿಧಿಸುತ್ತಿದೆ, ಅದರಿಂದಲೂ ಒಡಂಬಡಿಕೆಯ ಅಡಿಯಲ್ಲಿ ಬರುವ ವಿನಿಮಯ ವಿದ್ಯಾರ್ಥಿಗಳಿಗೆ ವಿನಾಯಿತಿ ಇದೆ.

ಈಚೆಗೆ ಖಾಸಗಿ ಮಧ್ಯವರ್ತಿಗಳು ಕೆಲವು ವಾರಗಳ ಬೇಸಿಗೆ ಶಿಬಿರವನ್ನೂ ಸೆಮಿಸ್ಟರ್ ಎಂದೇ ಕರೆದು ಮಾರುತ್ತಿದ್ದಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಅದರಿಂದ ಇಲ್ಲಿನ ಒಂದು ವಿಷಯದ ಕ್ರೆಡಿಟ್ ಕೂಡ ದೊರೆಯದಿದ್ದರೆ ಅದು ದುಬಾರಿ ಪ್ರವಾಸವಾಗುತ್ತದೆಯೇ ಹೊರತು ಸೆಮಿಸ್ಟರ್ ಆಗುವುದಿಲ್ಲ. ಒಡಂಬಡಿಕೆ ಇದೆಯೆಂದು ಕಾಲೇಜು ಹೇಳಿದರೆ ಅದು ನಿಮ್ಮ ವಿಭಾಗಕ್ಕೂ ಅನ್ವಯಿಸುತ್ತದೆಯೇ, ಅದರ ಅವಧಿ ಮುಗಿದಿಲ್ಲವೇ ಎಂದು ಕೇಳುವುದು ಅಗತ್ಯ. ಕಾಲೇಜಿನ ಜಾಲತಾಣದಲ್ಲಿ ಹೊಳೆಯುವ ಲಾಂಛನಗಳೆಲ್ಲ ಜೀವಂತ ಒಡಂಬಡಿಕೆಗಳಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಗಳು ಟ್ವಿನ್ನಿಂಗ್, ಅಂದರೆ ಇಲ್ಲಿನ ಪದವಿಯ ಒಂದು ಭಾಗವನ್ನು ವಿದೇಶಿ ಸಂಸ್ಥೆಯಲ್ಲಿ ಓದುವ ವ್ಯವಸ್ಥೆಯಲ್ಲಿ ಒಟ್ಟು ಕ್ರೆಡಿಟ್‌ಗಳ ಶೇ 30ರವರೆಗೆ ವಿದೇಶಿ ಸಂಸ್ಥೆಯಲ್ಲಿ ಗಳಿಸಲು ಅವಕಾಶ ಕೊಟ್ಟಿವೆ. ಎಂಟು ಸೆಮಿಸ್ಟರುಗಳ ಪದವಿಯಲ್ಲಿ ಒಂದು ಸೆಮಿಸ್ಟರ್ ಆ ಮಿತಿಯೊಳಗೆ ಧಾರಾಳವಾಗಿ ಕೂರುತ್ತದೆ. ಆದರೆ ನಿಯಮ ಅವಕಾಶ ಕೊಡುವುದಕ್ಕೂ ನಿಮ್ಮ ಪರೀಕ್ಷಾ ವಿಭಾಗ ಅದನ್ನು ಅಂಕಪಟ್ಟಿಯಲ್ಲಿ ನಮೂದಿಸುವುದಕ್ಕೂ ನಡುವೆ ಬಹಳ ಕಾಗದಪತ್ರಗಳಿರುತ್ತವೆ. ಸ್ವಾಯತ್ತ ಕಾಲೇಜುಗಳಲ್ಲಿ ಈ ಕೆಲಸ ಕಾಲೇಜಿನೊಳಗೇ ಮುಗಿಯುವ ಸಾಧ್ಯತೆ ಹೆಚ್ಚು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮವನ್ನೇ ಅನುಸರಿಸುವ ಕಾಲೇಜಾದರೆ ಬೆಳಗಾವಿಯ ಒಪ್ಪಿಗೆಗೆ ಬೇಕಾಗುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕ್ಯಾಲೆಂಡರಿನ ಹೋಲಿಕೆ

ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬೆಸ ಸೆಮಿಸ್ಟರ್ ಹೆಚ್ಚುಕಡಿಮೆ ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ತೊಡಗಿ ಜನವರಿಯ ಹೊತ್ತಿಗೆ ಮುಗಿಯುತ್ತದೆ; ಸಮ ಸೆಮಿಸ್ಟರ್ ಫೆಬ್ರವರಿಯಿಂದ ಜೂನ್ ಅಥವಾ ಜುಲೈವರೆಗೆ ನಡೆಯುತ್ತದೆ. ಏಳನೆಯ ಸೆಮಿಸ್ಟರ್ ಆರಂಭವಾಗುವ ಹೊತ್ತಿಗೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಕ್ಯಾಂಪಸ್ ಪ್ಲೇಸ್‌ಮೆಂಟ್ ಶುರುವಾಗುತ್ತದೆ. ಇದೇ ಎಲ್ಲಕ್ಕಿಂತ ದೊಡ್ಡ ಗೂಟ. ಏಳನೆಯ ಸೆಮಿಸ್ಟರಿನಲ್ಲಿ ಹೊರಗಿರುವವರು ಪ್ಲೇಸ್‌ಮೆಂಟನ್ನೂ, ಫೆಬ್ರವರಿಯಲ್ಲಿ ನಡೆಯುವ ಗೇಟ್ ಪರೀಕ್ಷೆಯ ಸಿದ್ಧತೆಯನ್ನೂ ಪಣಕ್ಕಿಡುತ್ತಾರೆ. ಎರಡನೆಯ ವರ್ಷದಲ್ಲಿ ಹೋಗಲು ಹೆಚ್ಚಿನ ಕಾಲೇಜುಗಳು ಬಿಡುವುದಿಲ್ಲ. ಉಳಿಯುವುದು ಐದು, ಆರು ಮತ್ತು ಎಂಟನೆಯ ಸೆಮಿಸ್ಟರುಗಳು.

ಐದನೆಯ ಸೆಮಿಸ್ಟರಿಗೆ ಅತ್ಯಂತ ಸಲೀಸಾಗಿ ಹೊಂದುವುದು ಸಿಂಗಪುರ. ಅಲ್ಲಿ ಮೊದಲ ಸೆಮಿಸ್ಟರ್ ಆಗಸ್ಟಿನಲ್ಲಿ ಆರಂಭವಾಗಿ ಡಿಸೆಂಬರಿನ ಆರಂಭದಲ್ಲಿ ಮುಗಿಯುತ್ತದೆ. ಹೋದವರು ಇಲ್ಲಿ ಆರನೆಯ ಸೆಮಿಸ್ಟರ್ ತೊಡಗುವ ಮೊದಲೇ ಹಿಂದಿರುಗಿ, ಬಾಕಿ ಇರುವ ಪ್ರಯೋಗಾಲಯದ ಪರೀಕ್ಷೆಯನ್ನೂ ಮುಗಿಸಿಕೊಳ್ಳಬಹುದು. ಆಗಸ್ಟ್ ಕೊನೆಯಿಂದ ಡಿಸೆಂಬರ್ ಮಧ್ಯದವರೆಗಿನ ಅಮೆರಿಕದ ಸೆಮಿಸ್ಟರ್, ಜುಲೈ ಕೊನೆಯಿಂದ ನವೆಂಬರಿನವರೆಗಿನ ಆಸ್ಟ್ರೇಲಿಯಾದ ಸೆಮಿಸ್ಟರ್ ಕೂಡ ಹೀಗೆಯೇ ಹೊಂದುತ್ತವೆ. ಫ್ರಾನ್ಸಿನ ಸೆಪ್ಟೆಂಬರ್–ಜನವರಿ ಅವಧಿಯೂ ಹೆಚ್ಚು ತೊಂದರೆ ಕೊಡುವುದಿಲ್ಲ.

ತೊಡಕಿರುವುದು ಜರ್ಮನಿಯಲ್ಲಿ. ಅಲ್ಲಿನ ವಿಶ್ವವಿದ್ಯಾಲಯಗಳ ಚಳಿಗಾಲದ ಸೆಮಿಸ್ಟರ್ ಅಧಿಕೃತವಾಗಿ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ತರಗತಿಗಳು ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ ನಡೆದು, ಪರೀಕ್ಷೆಗಳು ಅದರ ನಂತರ ಬರುತ್ತವೆ. ಅಂದರೆ ಅಲ್ಲಿ ಪರೀಕ್ಷೆ ಬರೆಯುತ್ತಿರುವ ಹೊತ್ತಿಗೆ ಇಲ್ಲಿ ಆರನೆಯ ಸೆಮಿಸ್ಟರಿನ ಮೊದಲ ಇಂಟರ್ನಲ್ಸ್ ಹತ್ತಿರವಾಗಿರುತ್ತದೆ, ಹಾಜರಾತಿಯೂ ಕುಸಿಯುತ್ತಿರುತ್ತದೆ. ನಾನು ಹೊರಡುವ ಮೊದಲೇ ವಿಭಾಗದ ಮುಖ್ಯಸ್ಥರಿಂದ ಹಾಜರಾತಿಯ ರಿಯಾಯಿತಿಯನ್ನು ಬರಹದಲ್ಲಿ ಪಡೆದಿದ್ದರಿಂದ ಈ ಸಮಸ್ಯೆ ನನ್ನನ್ನು ಕಾಡಲಿಲ್ಲ. ಏಪ್ರಿಲ್–ಸೆಪ್ಟೆಂಬರಿನ ಬೇಸಿಗೆ ಸೆಮಿಸ್ಟರ್ ಇನ್ನೂ ಕಷ್ಟ, ಏಕೆಂದರೆ ಅದರ ಪರೀಕ್ಷೆಗಳು ಜುಲೈ ಮತ್ತು ಆಗಸ್ಟಿನಲ್ಲಿ, ಸರಿಯಾಗಿ ಪ್ಲೇಸ್‌ಮೆಂಟ್ ತಯಾರಿಯ ತಲೆಯ ಮೇಲೆ ಬಂದು ಬೀಳುತ್ತವೆ. ಜರ್ಮನಿಗೇ ಹೋಗಬೇಕೆನ್ನುವವರು ಅಲ್ಲಿನ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯಗಳನ್ನು, ಅಂದರೆ ಹಿಂದೆ ಫಾಖ್‌ಹೋಖ್‌ಶೂಲೆ ಎಂದು ಕರೆಯಲಾಗುತ್ತಿದ್ದ ಸಂಸ್ಥೆಗಳನ್ನು ಮೊದಲು ನೋಡಬೇಕು. ಅವುಗಳ ಸೆಮಿಸ್ಟರ್ ಸಾಮಾನ್ಯವಾಗಿ ಒಂದು ತಿಂಗಳು ಮೊದಲೇ, ಸೆಪ್ಟೆಂಬರ್ ಮತ್ತು ಮಾರ್ಚಿನಲ್ಲಿ ಆರಂಭವಾಗುತ್ತದೆ, ತರಗತಿಗಳು ಚಿಕ್ಕವು, ಮತ್ತು ಪಾಠ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಕ್ರಮಕ್ಕೆ ಹತ್ತಿರವಾದುದು. ಹೆಸರಿನ ತೂಕ ನೋಡಿ ದೊಡ್ಡ ವಿಶ್ವವಿದ್ಯಾಲಯಗಳ ಹಿಂದೆ ಬೀಳುವವರು ಈ ಅನುಕೂಲವನ್ನು ಗಮನಿಸುವುದೇ ಇಲ್ಲ.

ಜಪಾನಿನ ಶೈಕ್ಷಣಿಕ ವರ್ಷ ಏಪ್ರಿಲಿನಲ್ಲಿ ಆರಂಭವಾಗುತ್ತದೆ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಿಂದ ಫೆಬ್ರವರಿಯ ಆರಂಭದವರೆಗಿನ ಅಲ್ಲಿನ ಎರಡನೆಯ ಅವಧಿ ಐದನೆಯ ಸೆಮಿಸ್ಟರಿಗೆ ಪರವಾಗಿಲ್ಲ ಎನ್ನುವಷ್ಟು ಹೊಂದುತ್ತದೆ.

ಎಂಟನೆಯ ಸೆಮಿಸ್ಟರಿನ ವಿಚಾರ ಬೇರೆಯೇ. ಆಗ ಉಳಿದಿರುವುದು ಹೆಚ್ಚಾಗಿ ಪ್ರಾಜೆಕ್ಟ್ ಮಾತ್ರ. ವಿದೇಶದ ಪ್ರಯೋಗಾಲಯವೊಂದರಲ್ಲಿ ಮಾಡಿದ ಪ್ರಾಜೆಕ್ಟನ್ನು ಇಲ್ಲಿನ ಪ್ರಾಜೆಕ್ಟ್ ಕ್ರೆಡಿಟ್‌ಗೆ ಹೊಂದಿಸುವುದು ಐದಾರು ವಿಷಯಗಳ ಸಿಲಬಸ್ಸನ್ನು ಒಂದೊಂದಾಗಿ ಹೊಂದಿಸುವುದಕ್ಕಿಂತ ಎಷ್ಟೋ ಸುಲಭ. ಕೆಲಸ ಸಿಕ್ಕಿ ನಿಶ್ಚಿಂತರಾದವರಿಗೂ, ಮುಂದೆ ಸಂಶೋಧನೆಯ ಕಡೆ ಹೋಗುವವರಿಗೂ ನಾನು ಹಿಂಜರಿಯದೆ ಇದನ್ನೇ ಸೂಚಿಸುತ್ತೇನೆ.

ಕ್ರೆಡಿಟ್ ಮತ್ತು ಶ್ರೇಣಿ

ಯುರೋಪಿನ ಕ್ರೆಡಿಟ್ ವ್ಯವಸ್ಥೆಯಾದ ಇಸಿಟಿಎಸ್‌ನಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್, ಒಂದು ಕ್ರೆಡಿಟ್‌ಗೆ ವಿದ್ಯಾರ್ಥಿಯ 25ರಿಂದ 30 ಗಂಟೆಗಳ ಒಟ್ಟು ದುಡಿಮೆ. ಈ ಗಂಟೆಗಳಲ್ಲಿ ತರಗತಿಯಷ್ಟೇ ಅಲ್ಲದೆ ಮನೆಯ ಓದು, ಪ್ರಯೋಗ, ಪರೀಕ್ಷೆಯ ತಯಾರಿ ಎಲ್ಲವೂ ಸೇರಿರುತ್ತವೆ. ನಮ್ಮಲ್ಲಿ ಒಂದು ಸೆಮಿಸ್ಟರಿಗೆ ಸುಮಾರು 20 ಕ್ರೆಡಿಟ್‌ಗಳಿರುವುದರಿಂದ ಒಂದೂವರೆ ಇಸಿಟಿಎಸ್‌ಗೆ ಇಲ್ಲಿನ ಒಂದು ಎಂಬ ಲೆಕ್ಕ ನ್ಯಾಯವಾದುದು. ಕೆಲವು ಕಾಲೇಜುಗಳು ಎರಡಕ್ಕೆ ಒಂದು ಎಂದು ಎಣಿಸುತ್ತವೆ. ಹಾಗಾದರೆ 30 ಕ್ರೆಡಿಟ್ ಪೂರ್ತಿ ಗಳಿಸಿ ಬಂದರೂ ಇಲ್ಲಿ ಒಂದೋ ಎರಡೋ ವಿಷಯ ಬಾಕಿ ಉಳಿದು, ಮುಂದಿನ ಸೆಮಿಸ್ಟರಿನ ಹೊರೆಯ ಮೇಲೆ ಕೂರುತ್ತದೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಸಾಮಾನ್ಯವಾಗಿ ಒಂದು ಕೋರ್ಸಿಗೆ 4 ಯೂನಿಟ್, ಸೆಮಿಸ್ಟರಿಗೆ ಐದು ಕೋರ್ಸ್. ಇದು ಇಲ್ಲಿನ ಲೆಕ್ಕಕ್ಕೆ ಹೆಚ್ಚು ವಾದವಿಲ್ಲದೆ ಹೊಂದಿಕೊಳ್ಳುತ್ತದೆ.

ಶ್ರೇಣಿಯ ಪರಿವರ್ತನೆ ಇದಕ್ಕಿಂತ ಸೂಕ್ಷ್ಮವಾದ ಸಂಗತಿ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಉತ್ತೀರ್ಣತೆಯ ಕೊನೆಯ ಮೆಟ್ಟಿಲು, 5.0 ಎಂದರೆ ಅನುತ್ತೀರ್ಣ. ವಿದೇಶಿ ಅಂಕಗಳನ್ನು ಜರ್ಮನ್ ಶ್ರೇಣಿಗೆ ತರಲು ಅಲ್ಲಿ ಬಳಕೆಯಲ್ಲಿರುವ ಪರಿಷ್ಕೃತ ಬವೇರಿಯನ್ ಸೂತ್ರ ನೇರವಾದುದು: ಗರಿಷ್ಠ ಅಂಕದಿಂದ ಪಡೆದ ಅಂಕವನ್ನು ಕಳೆದು, ಅದನ್ನು ಗರಿಷ್ಠ ಮತ್ತು ಕನಿಷ್ಠ ಉತ್ತೀರ್ಣತೆಯ ಅಂಕಗಳ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸುವುದು. ಗರಿಷ್ಠ 10, ಉತ್ತೀರ್ಣತೆ 4 ಎಂದಿಟ್ಟುಕೊಂಡರೆ ಇಲ್ಲಿನ 8 ಅಲ್ಲಿನ 2.0ಕ್ಕೆ ಸಮ. ಇದೇ ಸೂತ್ರವನ್ನು ತಿರುಗಿಸಿದರೆ ಅಲ್ಲಿನ 1.3 ಇಲ್ಲಿ 9.4 ಆಗುತ್ತದೆ, 3.0 ಎಂಬುದು 6ಕ್ಕೆ ಇಳಿಯುತ್ತದೆ.

ಫ್ರಾನ್ಸಿನಲ್ಲಿ ಅಂಕ 20ಕ್ಕೆ, ಉತ್ತೀರ್ಣತೆಗೆ 10. ಅಲ್ಲಿ 14 ಬಂದರೆ ಚೆನ್ನಾಗಿ ಓದಿದ್ದಾನೆ ಎಂದರ್ಥ, 16 ದಾಟುವವರು ಬೆರಳೆಣಿಕೆಯಷ್ಟು ಮಂದಿ. ಆದರೆ ಬೆಂಗಳೂರಿನ ಪರೀಕ್ಷಾ ವಿಭಾಗ 13ನ್ನು ನೇರವಾಗಿ ಅರ್ಧಕ್ಕೆ ಇಳಿಸಿ 6.5 ಎಂದು ಬರೆದರೆ, ಅಲ್ಲಿ ಗೌರವದ ಅಂಕ ಪಡೆದವನು ಇಲ್ಲಿ ಹಿಂದುಳಿದವನಂತೆ ಕಾಣುತ್ತಾನೆ. ಬವೇರಿಯನ್ ಸೂತ್ರದ ಜಾಡಿನಲ್ಲಿ ಲೆಕ್ಕ ಹಾಕಿದರೂ ಅದು 5.8 ಆಗುತ್ತದೆ, ಇನ್ನೂ ಕಡಿಮೆ. ಇದಕ್ಕೆ ಪರಿಹಾರ, ತರಗತಿಯಲ್ಲಿ ವಿದ್ಯಾರ್ಥಿಯ ಸ್ಥಾನವನ್ನು ಆಧರಿಸಿದ ಪರಿವರ್ತನೆ. ಹಳೆಯ ಇಸಿಟಿಎಸ್ ಶ್ರೇಣಿಯಲ್ಲಿ ಉತ್ತೀರ್ಣರಾದವರ ಪೈಕಿ ಮೊದಲ ಶೇ 10 ಮಂದಿಗೆ ಎ, ನಂತರದ ಶೇ 25ಕ್ಕೆ ಬಿ, ಅದರ ನಂತರದ ಶೇ 30ಕ್ಕೆ ಸಿ ಎಂಬ ಕ್ರಮವಿತ್ತು; ಅಂಥ ವಿತರಣೆಯ ಪಟ್ಟಿಯನ್ನು ಟ್ರಾನ್ಸ್‌ಕ್ರಿಪ್ಟಿನೊಂದಿಗೆ ಕೇಳಿ ಪಡೆಯಬಹುದು. ಅದೂ ಆಗದಿದ್ದರೆ ಆ ಸೆಮಿಸ್ಟರನ್ನು ಉತ್ತೀರ್ಣ ಎಂದಷ್ಟೇ ನಮೂದಿಸಿ ಸಿಜಿಪಿಎ ಲೆಕ್ಕದಿಂದ ಹೊರಗಿಡಲು ಕಾಲೇಜನ್ನು ಕೇಳುವುದು ಉತ್ತಮ. ಕಂಪನಿಗಳು ಸಿಜಿಪಿಎ ಮಿತಿ ಇಟ್ಟು ಅರ್ಜಿಗಳನ್ನು ಸೋಸುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಹೊಂದಾಣಿಕೆಯ ಪ್ರತಿಯೊಂದು ವಿಷಯ, ಕ್ರೆಡಿಟ್ ಅನುಪಾತ, ಶ್ರೇಣಿಯ ಸೂತ್ರ ಈ ಮೂರೂ ಹೊರಡುವ ಮೊದಲು ವಿದ್ಯಾರ್ಥಿ ಮತ್ತು ಎರಡೂ ಸಂಸ್ಥೆಗಳು ಮಾಡಿಕೊಳ್ಳುವ ಕಲಿಕಾ ಒಪ್ಪಂದದ ಪತ್ರದಲ್ಲಿ ಬರಹದಲ್ಲಿದ್ದು, ಪರೀಕ್ಷಾ ನಿಯಂತ್ರಕರ ಸಹಿಯೂ ಅದರ ಮೇಲಿರಬೇಕು. ವಿಭಾಗದ ಮುಖ್ಯಸ್ಥರ ಸಹಿ ಮಾತ್ರ ಸಾಲದು.

ಓದಿನ ರೀತಿ

ಇಲ್ಲಿ ಅರ್ಧ ಅಂಕ ಇಂಟರ್ನಲ್ಸಿನಿಂದ ಬರುವುದಕ್ಕೆ ಒಗ್ಗಿಕೊಂಡವರಿಗೆ ಜರ್ಮನಿಯ ಕ್ರಮ ದಿಗಿಲು ಹುಟ್ಟಿಸಬಹುದು. ಅಲ್ಲಿ ಅನೇಕ ವಿಷಯಗಳಲ್ಲಿ ಸೆಮಿಸ್ಟರಿನ ಕೊನೆಯ ಒಂದೇ ಪರೀಕ್ಷೆ ಇಡೀ ಶ್ರೇಣಿಯನ್ನು ತೀರ್ಮಾನಿಸುತ್ತದೆ, ಉಪನ್ಯಾಸಗಳಿಗೆ ಹಾಜರಾತಿ ಕಡ್ಡಾಯವಿರುವುದಿಲ್ಲ, ಓದಿದೆಯೋ ಇಲ್ಲವೋ ಎಂದು ಯಾರೂ ವಿಚಾರಿಸುವುದಿಲ್ಲ. ನನಗೆ ಈ ಸ್ವಾತಂತ್ರ್ಯ ಹಿಡಿಸಿತು. ವಾರವಾರ ತಳ್ಳುವವರಿಲ್ಲದಿದ್ದರೆ ಓದು ಸಾಗದು ಎನ್ನುವವರಿಗೆ ಹಿಡಿಸಲಿಕ್ಕಿಲ್ಲ. ಅಂಥವರಿಗೆ ಅಮೆರಿಕದ ವಾರದ ಅಸೈನ್‌ಮೆಂಟುಗಳು ಅಥವಾ ಸಿಂಗಪುರದ ಗುಂಪು ಪ್ರಾಜೆಕ್ಟುಗಳು ಹೆಚ್ಚು ಒಗ್ಗುತ್ತವೆ. ಸಿಂಗಪುರದಲ್ಲಿ ಶ್ರೇಣಿ ಸಹಪಾಠಿಗಳ ಸಾಧನೆಗೆ ಹೋಲಿಸಿ ನಿರ್ಧಾರವಾಗುತ್ತದೆ, ಸ್ಪರ್ಧೆ ತೀವ್ರ. ಹೋಗಿಬಂದ ಸಹಪಾಠಿ ಅಲ್ಲಿನ ಗ್ರಂಥಾಲಯ ಮಧ್ಯರಾತ್ರಿಯಲ್ಲೂ ತುಂಬಿರುತ್ತಿತ್ತು ಎಂದು ಇವತ್ತಿಗೂ ಹೇಳುತ್ತಾಳೆ.

ಭಾಷೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಜರ್ಮನಿಯಲ್ಲಿ ಇಂಗ್ಲಿಷಿನ ಕೋರ್ಸುಗಳು ಸ್ನಾತಕೋತ್ತರ ಮಟ್ಟದಲ್ಲಿ ಹೇರಳ, ಪದವಿ ಮಟ್ಟದಲ್ಲಿ ವಿರಳ. ಆದ್ದರಿಂದ ಕೋರ್ಸುಗಳ ಪಟ್ಟಿಯಲ್ಲಿ ಬೋಧನಾ ಭಾಷೆಯ ಕಾಲಮನ್ನು ಓದದೆ ವಿಷಯ ಆರಿಸಬಾರದು. ಇಂದಿರಾನಗರದ ಗೊಯೆಥೆ ಸಂಸ್ಥೆಯಲ್ಲಾಗಲಿ, ಫ್ರಾನ್ಸಿಗೆ ಹೋಗುವವರು ವಸಂತನಗರದ ಅಲಿಯಾನ್ಸ್ ಫ್ರಾಂಸೇಸ್‌ನಲ್ಲಾಗಲಿ ಮೊದಲ ಹಂತ ಮುಗಿಸಿ ಹೋದರೆ ಪಾಠಕ್ಕೆ ಅಲ್ಲದಿದ್ದರೂ ಬಾಡಿಗೆ ಕರಾರು ಓದಲು, ಅಂಗಡಿಯಲ್ಲಿ ಡಬ್ಬದ ಮೇಲಿನ ಪದಾರ್ಥಗಳ ಪಟ್ಟಿ ನೋಡಲು ಅದು ಉಪಯೋಗಕ್ಕೆ ಬರುತ್ತದೆ.

ಹಣ ಮತ್ತು ವೀಸಾ

ಜರ್ಮನಿಯ ವೀಸಾಕ್ಕೆ ನಿರ್ಬಂಧಿತ ಖಾತೆಯಲ್ಲಿ ತೋರಿಸಬೇಕಾದ ಮೊತ್ತ ಸೆಪ್ಟೆಂಬರ್ 2024ರಿಂದ ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904. ಆರು ತಿಂಗಳ ವಾಸಕ್ಕೆ ಇದು 5,952 ಯೂರೋ ಆಗುತ್ತದೆ. ಈ ಹಣ ಖರ್ಚಾಗಿ ಹೋದದ್ದಲ್ಲ, ತಿಂಗಳಿಗಿಷ್ಟು ಎಂದು ನಮ್ಮ ಕೈಗೇ ಹಿಂದಿರುಗುವ ಹಣ. ಆದರೆ ಹೊರಡುವ ಮೊದಲೇ ಒಟ್ಟಿಗೆ ಹೊಂದಿಸಬೇಕಾಗುವುದರಿಂದ ಮಧ್ಯಮ ವರ್ಗದ ಮನೆಗಳಿಗೆ ಭಾರವೆನಿಸುತ್ತದೆ. ಫ್ರಾನ್ಸ್ ತಿಂಗಳಿಗೆ 615 ಯೂರೋ ತೋರಿಸಲು ಕೇಳುತ್ತದೆ, ಅದನ್ನು ಖಾತೆಯಲ್ಲಿ ಕಟ್ಟಿಹಾಕುವುದಿಲ್ಲ. ವೀಸಾ ಲೆಕ್ಕದಲ್ಲಿ ಕಾಣದ ಖರ್ಚುಗಳೂ ಇವೆ: ಜರ್ಮನಿಯಲ್ಲಿ ನೂರರಿಂದ ನಾನೂರು ಯೂರೋಗಳ ನಡುವಿನ ಸೆಮಿಸ್ಟರ್ ವಂತಿಗೆ, ತಿಂಗಳಿಗೆ ನೂರು ಯೂರೋ ದಾಟುವ ಸಾರ್ವಜನಿಕ ಆರೋಗ್ಯ ವಿಮೆ, ಟಿವಿ ಇಲ್ಲದಿದ್ದರೂ ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋಗಳ ಪ್ರಸಾರ ಶುಲ್ಕ. ಜಪಾನಿನಲ್ಲಿ ರಾಷ್ಟ್ರೀಯ ಆರೋಗ್ಯ ವಿಮೆಯ ಕಂತು ವಿದ್ಯಾರ್ಥಿಗಳಿಗೆ ಹಗುರ, ಚಿಕಿತ್ಸೆಯ ವೆಚ್ಚದಲ್ಲಿ ಶೇ 30ನ್ನು ನಾವೇ ಕೊಡಬೇಕು. ಆಯ್ಕೆಯಾದವರಿಗೆ ಜಪಾನಿನ ವಿದ್ಯಾರ್ಥಿ ಸೇವಾ ಸಂಸ್ಥೆಯಾದ ಜಾಸ್ಸೋ ತಿಂಗಳಿಗೆ 80,000 ಯೆನ್ ವಿದ್ಯಾರ್ಥಿವೇತನ ಕೊಡುವುದರಿಂದ, ದುಬಾರಿ ದೇಶವೆಂದು ಕೈಬಿಡುವ ಮೊದಲು ಅಲ್ಲಿನ ವಿಶ್ವವಿದ್ಯಾಲಯವನ್ನು ಕೇಳಿ ನೋಡಬೇಕು. ಯುರೋಪಿನ ಪಾಲುದಾರ ಸಂಸ್ಥೆಗೆ ಐರೋಪ್ಯ ಒಕ್ಕೂಟದ ಎರಾಸ್ಮಸ್ ಪ್ಲಸ್ ಯೋಜನೆಯ ಅಂತರರಾಷ್ಟ್ರೀಯ ಕ್ರೆಡಿಟ್ ವಿನಿಮಯದ ಅನುದಾನವಿದ್ದರೆ ಪ್ರಯಾಣ ವೆಚ್ಚದ ಜೊತೆಗೆ ಮಾಸಿಕ ನೆರವೂ ಸಿಗುತ್ತದೆ.

ಬಿಡುವಿನಲ್ಲಿ ದುಡಿದು ಖರ್ಚು ಸರಿದೂಗಿಸುತ್ತೇನೆ ಎಂಬ ಲೆಕ್ಕ ಒಂದು ಸೆಮಿಸ್ಟರಿಗೆ ಕೂಡಿಬರುವುದಿಲ್ಲ. ಜರ್ಮನಿ ಮಾರ್ಚ್ 2024ರಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ವಿದ್ಯಾರ್ಥಿಗಳನ್ನು ಬಿಡುತ್ತದೆ, ಜಪಾನ್ ಅನುಮತಿ ಪಡೆದವರಿಗೆ ವಾರಕ್ಕೆ 28 ಗಂಟೆ ಅವಕಾಶ ಕೊಡುತ್ತದೆ. ಆದರೆ ಬ್ಯಾಂಕ್ ಖಾತೆ, ತೆರಿಗೆ ಸಂಖ್ಯೆ, ಭಾಷೆ ಇವೆಲ್ಲ ಕೂಡಿ ಬರುವ ಹೊತ್ತಿಗೆ ಹಿಂದಿರುಗುವ ಟಿಕೆಟ್ ಹತ್ತಿರವಾಗಿರುತ್ತದೆ. ಸಿಂಗಪುರದಲ್ಲಂತೂ ವಿನಿಮಯ ವಿದ್ಯಾರ್ಥಿಗಳಿಗೆ ಕೆಲಸದ ಅವಕಾಶವೇ ಇಲ್ಲ.

ವೀಸಾದ ದೃಷ್ಟಿಯಿಂದ ಬೆಂಗಳೂರಿನವರು ಅದೃಷ್ಟವಂತರು: ಜರ್ಮನಿ, ಫ್ರಾನ್ಸ್, ಜಪಾನ್ ಮೂರರ ಕಾನ್ಸುಲೇಟ್‌ಗಳೂ ಇಲ್ಲಿಯೇ ಇವೆ. ಜರ್ಮನಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ನಿಧಾನ, ಪ್ರವೇಶ ಪತ್ರ ಬಂದ ದಿನವೇ ಅದಕ್ಕೆ ಕೈಹಾಕಬೇಕು. ಫ್ರಾನ್ಸಿಗೆ ಮೊದಲು ಅಲ್ಲಿನ ಸರ್ಕಾರದ ವಿದ್ಯಾರ್ಥಿ ಸಂಸ್ಥೆಯಾದ ಕ್ಯಾಂಪಸ್ ಫ್ರಾನ್ಸ್ ಮೂಲಕ ಕಡತ, ಆಮೇಲೆ ವೀಸಾ. ಜಪಾನಿಗೆ ಅಲ್ಲಿನ ವಿಶ್ವವಿದ್ಯಾಲಯವೇ ಅರ್ಹತಾ ಪ್ರಮಾಣಪತ್ರ ತರಿಸಿಕೊಡುತ್ತದೆ. ಅದು ಬಂದ ಮೇಲೆ ಉಳಿದದ್ದು ಬೇಗ. ಸಿಂಗಪುರದ ವಿದ್ಯಾರ್ಥಿ ಪಾಸಿಗೆ ಆನ್‌ಲೈನ್ ಅರ್ಜಿಯೇ ಸಾಕು. ಅಮೆರಿಕಕ್ಕೆ ವಿನಿಮಯ ವಿದ್ಯಾರ್ಥಿಗಳ ಜೆ-1 ವೀಸಾ, ಅದಕ್ಕೆ ಸೆವಿಸ್ ಎಂಬ ಸರ್ಕಾರಿ ದಾಖಲೆ ವ್ಯವಸ್ಥೆಯ 220 ಡಾಲರ್ ಶುಲ್ಕ, ಮೇಲೆ ಸಂದರ್ಶನ. ಜನವರಿ 2025ರಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದರೂ ಅದರೊಂದಿಗೇ ವೀಸಾ ಸೇವೆ ಆರಂಭವಾಗಲಿಲ್ಲ, ಇಲ್ಲಿನವರು ಬಹುಕಾಲದಿಂದ ಚೆನ್ನೈ ಹಾದಿ ಹಿಡಿಯುತ್ತ ಬಂದಿದ್ದಾರೆ.

ಮನೆ, ಊಟ

ಬೆಳಗ್ಗೆ ವಿಚಾರಿಸಿ ಸಂಜೆಗೆ ಹಾಸಿಗೆ ಸಮೇತ ಹೋಗಿ ಸೇರಿಕೊಳ್ಳುವ ಬೆಂಗಳೂರಿನ ಪಿಜಿಗಳ ಅಭ್ಯಾಸ ಜರ್ಮನಿಯಲ್ಲಿ ನಡೆಯುವುದಿಲ್ಲ. ವಿದ್ಯಾರ್ಥಿ ಸೇವಾ ಸಂಸ್ಥೆ ನಡೆಸುವ ವಸತಿಗೃಹಗಳು ಅಗ್ಗ, ಆದರೆ ಅಕ್ಟೋಬರಿನ ಹೊತ್ತಿಗೆ ಕಾಯುವವರ ಪಟ್ಟಿ ಉದ್ದವಾಗಿರುತ್ತದೆ. ಹಂಚಿಕೊಂಡ ಮನೆಯಲ್ಲಿ ಕೋಣೆ ಹಿಡಿಯುವುದಾದರೆ ಮನೆ ನೋಡದೆ ಮುಂಗಡ ಕಳುಹಿಸಬಾರದು. ಮನೆ ಸೇರಿದ ಎರಡು ವಾರಗಳೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮಾಲೀಕರ ದೃಢೀಕರಣ ಪತ್ರ ಬೇಕು. ಆ ಪತ್ರ ಕೊಡಲೊಪ್ಪದ ಮಾಲೀಕರ ಮನೆ ಎಷ್ಟೇ ಅಗ್ಗವಾದರೂ ಬೇಡ. ಬರ್ಲಿನ್ನಿನಲ್ಲಿ ಡಿಸೆಂಬರಿನ ಸೂರ್ಯ ಸಂಜೆ ನಾಲ್ಕಕ್ಕೆ ಮುಂಚೆಯೇ ಮುಳುಗುತ್ತಾನೆ. ಈ ಕತ್ತಲೆ ಕೆಲವರ ಮನಸ್ಸನ್ನು ಕುಗ್ಗಿಸುತ್ತದೆ, ಆದ್ದರಿಂದ ಒಂಟಿ ಕೋಣೆಗಿಂತ ನಾಲ್ಕಾರು ಜನರಿರುವ ಮನೆ ಮೇಲು.

ಸಸ್ಯಾಹಾರಿಗಳಿಗೆ ಜರ್ಮನಿ ಇಂದು ಕಷ್ಟದ ದೇಶವಲ್ಲ. ಬರ್ಲಿನ್ನಿನ ವಿಶ್ವವಿದ್ಯಾಲಯಗಳ ಕ್ಯಾಂಟೀನುಗಳಲ್ಲಿ 2021ರಿಂದ ಬಹುಪಾಲು ಅಡುಗೆ ಸಸ್ಯಾಹಾರವೇ. ಜಪಾನ್ ಕಷ್ಟ: ತರಕಾರಿಯಂತೆ ಕಾಣುವ ಸಾರಿನಲ್ಲೂ ದಾಶಿ ಎಂಬ ಮೀನಿನ ರಸ ಇರುತ್ತದೆ, ಕಟ್ಟುನಿಟ್ಟಿನವರು ಕೈಯಡುಗೆಯನ್ನೇ ನಂಬಬೇಕು. ಸಿಂಗಪುರದಲ್ಲಿ ಇಡ್ಲಿ ದೋಸೆಗೆ ಕೊರತೆಯಿಲ್ಲ, ಕನ್ನಡ ಸಂಘವೂ ಇದೆ, ನಾಲ್ಕೂವರೆ ಗಂಟೆಗಳ ವಿಮಾನ ಪ್ರಯಾಣದಲ್ಲಿ ಮನೆ ತಲುಪಬಹುದು. ಮೊದಲ ಬಾರಿಗೆ ಮಗಳನ್ನು ದೂರ ಕಳುಹಿಸುವ ತಂದೆತಾಯಿಗಳಿಗೆ ಇದು ಸಮಾಧಾನದ ಮಾತು. ಆದರೆ ಹೊಸದೊಂದು ಭಾಷೆಯ ನಡುವೆ ಬದುಕಿ ನೋಡಬೇಕೆಂಬ ಆಸೆಯಿದ್ದವರಿಗೆ ಅಷ್ಟು ಅನುಕೂಲವೇ ಒಂದು ಕೊರತೆಯಾಗಿ ಕಾಣಬಹುದು.

ಹಾಗಾಗಿ ಐದನೆಯ ಸೆಮಿಸ್ಟರಿನಲ್ಲಿ ಹೋಗುವ, ಸಿಜಿಪಿಎ ಬಗ್ಗೆ ಕಾಳಜಿಯುಳ್ಳ ವಿದ್ಯಾರ್ಥಿಗೆ ಸಿಂಗಪುರವನ್ನೂ, ಯಂತ್ರ ಮತ್ತು ಉತ್ಪಾದನಾ ವಿಷಯಗಳಲ್ಲಿ ಆಸಕ್ತಿಯಿದ್ದು ತಾನೇ ಓದಿಕೊಳ್ಳಬಲ್ಲವರಿಗೆ ಜರ್ಮನಿಯ ಅನ್ವಯಿಕ ವಿಶ್ವವಿದ್ಯಾಲಯಗಳನ್ನೂ, ವಿದ್ಯಾರ್ಥಿವೇತನ ಖಚಿತವಾದವರಿಗೆ ಜಪಾನನ್ನೂ ನಾನು ಹೇಳುತ್ತೇನೆ. ಶ್ರೇಣಿ ಪರಿವರ್ತನೆಯ ಒಪ್ಪಂದ ಬರಹದಲ್ಲಿ ಕೈಗೆ ಬರುವವರೆಗೆ ಫ್ರಾನ್ಸನ್ನು ಆರಿಸಬೇಡಿ. ಪೂರ್ಣ ಶುಲ್ಕ ತೆತ್ತು ಅಮೆರಿಕಕ್ಕೆ ಒಂದು ಸೆಮಿಸ್ಟರಿಗಾಗಿ ಹೋಗುವುದು ನನ್ನ ದೃಷ್ಟಿಯಲ್ಲಿ ಆ ಹಣಕ್ಕೆ ತಕ್ಕ ಆಯ್ಕೆಯಲ್ಲ.

ಯಾವ ದೇಶವನ್ನೇ ಆರಿಸಿದರೂ ಹಿಂದಿರುಗುವ ಮುನ್ನ ಮುಗಿಸಬೇಕಾದ ಕೆಲಸಗಳಿವೆ. ಜರ್ಮನಿಯಲ್ಲಿ ವಿಳಾಸದ ನೋಂದಣಿ ರದ್ದುಮಾಡಿಸಿ ಅದರ ಪ್ರತಿ ಪಡೆದರೆ ಮಾತ್ರ ಪ್ರಸಾರ ಶುಲ್ಕ ಮತ್ತು ವಿಮೆಯ ಕಂತು ನಿಲ್ಲುತ್ತವೆ. ಮುಂಗಡದ ಹಣ ಹಿಂದಿರುಗುವವರೆಗೆ ಅಲ್ಲಿನ ಬ್ಯಾಂಕ್ ಖಾತೆಯನ್ನು ಮುಚ್ಚಬಾರದು. ಟ್ರಾನ್ಸ್‌ಕ್ರಿಪ್ಟ್ ಪರೀಕ್ಷೆ ಮುಗಿದು ಹಲವು ವಾರಗಳ ನಂತರವೇ ಸಿದ್ಧವಾಗುವುದರಿಂದ, ಅದನ್ನು ಮುದ್ರೆ ಹಾಕಿದ ಲಕೋಟೆಯಲ್ಲಿ ಕಳುಹಿಸಬೇಕೋ ಅಧಿಕೃತ ಇಮೇಲ್ ಸಾಕೋ ಎಂದು ಇಲ್ಲಿನ ಪರೀಕ್ಷಾ ವಿಭಾಗವನ್ನು ಹೊರಡುವ ಮೊದಲೇ ಕೇಳಿ, ಅದೇ ಸೂಚನೆಯನ್ನು ಅಲ್ಲಿನ ಅಂತರರಾಷ್ಟ್ರೀಯ ಕಚೇರಿಗೆ ಬರಹದಲ್ಲಿ ಒಪ್ಪಿಸಿ ಬರಬೇಕು.